ಸೂರ್ಯ ಎಲ್ಲರವನು, ತಂತಿ ಯಾರದು?

ನಡುಮಧ್ಯಾಹ್ನ. ತಾರಸಿಯ ಸೋಲಾರ್ ಫಲಕಗಳು ಕಾದಿವೆ. ಗೋಡೆಯ ಮೀಟರಿನಲ್ಲಿ ‘ಎಕ್ಸ್‌ಪೋರ್ಟ್’ ಅಂಕಿ ಏರುತ್ತಿದೆ. ರಾತ್ರಿ ಅದೇ ಮನೆ ಅದೇ ತಂತಿಯಿಂದ ಕರೆಂಟ್ ಪಡೆಯುತ್ತದೆ. ಹೀಗೆ ಕೊಟ್ಟದ್ದನ್ನು ಪಡೆದದ್ದರಲ್ಲಿ ಕಳೆಯುವ ನೆಟ್ ಮೀಟರಿಂಗ್‌ನಲ್ಲಿ ಯೂನಿಟ್ಟಿನ ಲೆಕ್ಕ ಸೊನ್ನೆಗೆ ಬಂದರೂ ಕಂಬ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್ ಸಂಬಳ ಸೊನ್ನೆಯಾಗುವುದಿಲ್ಲ. ಆ ಖರ್ಚು ತಾರಸಿಯೇ ಇಲ್ಲದ ಬಾಡಿಗೆ ಮನೆಯವರ ಬಿಲ್ಲಿಗೆ ಜಾರಬಹುದು.

ಇದು ಬರೀ ದರಪಟ್ಟಿಯ ತಕರಾರಲ್ಲ, ಋಣದ ಪ್ರಶ್ನೆ.

ವೈದಿಕ ಚಿಂತನೆ ಮನುಷ್ಯನನ್ನು ಹುಟ್ಟಿನಿಂದಲೇ ಸಾಲಗಾರನೆಂದು ಕಂಡಿತು: ದೇವಋಣ, ಋಷಿಋಣ, ಪಿತೃಋಣ. ಬಿಸಿಲು ದೇವಋಣವಾದರೆ, ಹಿಂದಿನವರು ನೆಟ್ಟ ಕಂಬ ಪಿತೃಋಣವೇ. ಶರಣರ ದಾಸೋಹವೂ ದುಡಿಮೆಯಲ್ಲಿ ಸಮುದಾಯಕ್ಕೆ ಸಲ್ಲುವ ಪಾಲನ್ನು ಭಿಕ್ಷೆ ಎನ್ನದೆ ಕರ್ತವ್ಯ ಎಂದಿತು.

ಆದರೆ ಯಾರ ಪಾಲು ಎಷ್ಟು? ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಹರಡಿರುವ ಸುಮಾರು 13,000 ಎಕರೆಯಲ್ಲಿ ಬಹುಪಾಲು ರೈತರ ಗುತ್ತಿಗೆ ಜಮೀನು. ಅಲ್ಲಿ ನೆಲದ ಬಾಡಿಗೆಗೆ ಕರಾರಿದೆ. ತಂತಿಯ ಲೆಕ್ಕ ಅಷ್ಟು ನೇರವಲ್ಲ. 2025ರ ಜೂನ್ 30ರೊಳಗೆ ಶುರುವಾದ ಸೌರ ಯೋಜನೆಗಳಿಗೆ ಕೇಂದ್ರವು ಅಂತರರಾಜ್ಯ ಪ್ರಸರಣ ಶುಲ್ಕ ಮನ್ನಾ ಮಾಡಿತು. ಮನ್ನಾ ಆದದ್ದು ಶುಲ್ಕ, ವೆಚ್ಚವಲ್ಲ. ಅದು ಉಳಿದ ಬಳಕೆದಾರರ ನಡುವೆ ಹಂಚಿಹೋಗುತ್ತದೆ. ಎಳೆಯ ಉದ್ಯಮಕ್ಕೆ ಊರೆಲ್ಲ ಹೆಗಲು ಕೊಡುವುದು ನ್ಯಾಯವೇ ಇರಬಹುದು. ಬೆಳೆದ ಮೇಲೂ? ತಾರಸಿಯವರು ತಂತಿಗೆ ಬಾಡಿಗೆ ಕೊಡಲಿ ಎನ್ನುವವರಿಗೆ, ಹಗಲಿನ ಬೇಡಿಕೆಯ ಭಾರ ಇಳಿಸಿದವರೂ ಅವರೇ ಅಲ್ಲವೇ ಎಂಬ ಮರುಮಾತು ಕಾದಿದೆ.