ಕಲಿಯುವವನ ತಪ್ಪು ಎಲ್ಲಿ ಬೀಳಬೇಕು?

ಗಾಳಿಪಟ ಹಾರಿಸುವುದಕ್ಕೂ ಒಂದು ಶಿಕ್ಷಣ ಬೇಕೇ ಎಂದು ನೀವು ನಗಬಹುದು. ಆಷಾಢದ ಗಾಳಿಗೆ ಬಾಲಂಗೋಚಿ ಕಟ್ಟಿ ಪಟ ಹಾರಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಹಾರಿಸುವ ಮನುಷ್ಯನನ್ನೇ ಎಳೆದೊಯ್ಯುವ ಗಾಳಿಪಟವೂ ಉಂಟು. ಹಲಗೆಯೊಂದರ ಮೇಲೆ ಕಾಲೂರಿ, ಸೊಂಟದ ಪಟ್ಟಿಗೆ ದೊಡ್ಡ ಪಟವನ್ನು ಸಿಕ್ಕಿಸಿಕೊಂಡು, ಗಾಳಿಯ ಸೆಳೆತದಿಂದ ಕಡಲ ಮೇಲೆ ಸಾಗುವ ಆ ಕ್ರೀಡೆಯ ಹೆಸರು ಕೈಟ್‌ಸರ್ಫಿಂಗ್. ನೀರಿಗೆ ಬಿದ್ದರೂ ಮತ್ತೆ ಮೇಲೇರಬಲ್ಲ, ಗಾಳಿ ತುಂಬಿದ ಪಟಕ್ಕೆ ಫ್ರಾನ್ಸ್ ದೇಶದ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. ಸ್ಪೇನಿನ ತಾರಿಫಾ ಇಂದು ಈ ಕ್ರೀಡೆಯ ಪ್ರಸಿದ್ಧ ತಾಣ. ನಮ್ಮ ನೆರೆಯ ರಾಮೇಶ್ವರದ ಕಡಲಿನಲ್ಲಿಯೂ ಇದನ್ನು ಕಲಿಸುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದರ ಪಂದ್ಯಗಳು ಮಾರ್ಸೇಯ ಸಮುದ್ರದಲ್ಲಿ ನಡೆದವು.

ಈ ಸಾಹಸದ ಕಲಿಕೆ ಅನೇಕ ಕಡೆಗಳಲ್ಲಿ ಸಮುದ್ರದಲ್ಲಿ ಆರಂಭವಾಗುವುದಿಲ್ಲ. ಬರಿಯ ಮರಳಿನ ಮೇಲೆ ಆರಂಭವಾಗುತ್ತದೆ. ಹೊಸಬನ ಕೈಗೆ ಮೊದಲು ಕೊಡುವುದು ಎರಡು ಮೂರು ಚದರ ಮೀಟರಿನ ಪುಟ್ಟ ಬಟ್ಟೆಯ ಪಟ. ಅದಕ್ಕೆ ಟ್ರೇನರ್ ಕೈಟ್ ಎನ್ನುತ್ತಾರೆ. ತಲೆಯ ನೇರಕ್ಕೆ ನಿಂತ ಪಟದ ಸೆಳೆತ ಸೌಮ್ಯವಾಗಿರುತ್ತದೆ, ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ ಕೆಳಕ್ಕಿಳಿದ ಪಟದ ಸೆಳೆತ ಉಗ್ರವಾಗಿರುತ್ತದೆ ಎಂಬುದನ್ನು ಅವನು ತನ್ನ ತೋಳುಗಳಿಂದಲೇ ಅರಿಯುತ್ತಾನೆ. ಅದಕ್ಕಿಂತ ಮಿಗಿಲಾಗಿ, ಬಿಡುವುದನ್ನು ಕಲಿಯುತ್ತಾನೆ. ಭಯಗೊಂಡ ಕೈ ಸಹಜವಾಗಿ ಹಿಡಿಕೋಲನ್ನು ತನ್ನತ್ತ ಎಳೆದುಕೊಳ್ಳುತ್ತದೆ. ದೊಡ್ಡ ಪಟದಲ್ಲಿ ಹಾಗೆ ಎಳೆದರೆ ಸೆಳೆತ ಇನ್ನೂ ಹೆಚ್ಚುತ್ತದೆ, ಸಡಿಲಿಸಿದರೆ ತಗ್ಗುತ್ತದೆ. ಭಯದ ಗಳಿಗೆಯಲ್ಲಿ ಸ್ವಭಾವಕ್ಕೆ ವಿರುದ್ಧವಾಗಿ ನಡೆಯುವ ಈ ವಿದ್ಯೆ ಉಪನ್ಯಾಸದಿಂದ ಬರುವಂಥದಲ್ಲ. ಹತ್ತಾರು ಬಾರಿ ತಪ್ಪಿದ ಮೇಲೆಯೇ ಬರುವಂಥದು.

ಹಾಗಾದರೆ ಆ ಹತ್ತಾರು ತಪ್ಪುಗಳು ಎಲ್ಲಿ ಬೀಳಬೇಕು? ನಾವು ಆಲೋಚಿಸಬೇಕಾದ ಪ್ರಶ್ನೆ ಇದೇ. ಹತ್ತು ಚದರ ಮೀಟರಿನ ಪಟ ಎರಡು ಚದರ ಮೀಟರಿನ ಪಟಕ್ಕಿಂತ ಸುಮಾರು ಐದು ಪಟ್ಟು ಬಲವಾಗಿ ಎಳೆಯಬಲ್ಲದು. ಗಾಳಿಯ ವೇಗ ಇಮ್ಮಡಿಯಾದರೆ ಸೆಳೆತ ನಾಲ್ಮಡಿಯಾಗುತ್ತದೆ. ಇಪ್ಪತ್ತು ಮೀಟರಿಗೂ ಮೀರಿದ ಬಿಗಿಯಾದ ಹುರಿಗಳು ದಡದ ಮೇಲೆ ಬೀಸಿ ಬಂದರೆ, ಪಟ ಹಿಡಿದವನೊಬ್ಬನೇ ಗಾಯಗೊಳ್ಳುವುದಿಲ್ಲ. ಮರಳಿನಲ್ಲಿ ಆಡುವ ಮಗು, ಬಲೆ ಒಣಗಿಸುವ ಬೆಸ್ತ, ಸುಮ್ಮನೆ ನಡೆದು ಹೋಗುವ ವೃದ್ಧೆ, ಇವರಾರೂ ಆ ಸಾಹಸವನ್ನು ಬಯಸಿದವರಲ್ಲ. ‘ನನ್ನ ಪ್ರಾಣ, ನನ್ನ ಧೈರ್ಯ’ ಎಂಬ ಮಾತು ಕೇಳಲು ವೀರೋಚಿತವಾಗಿದ್ದರೂ ಅಲ್ಲಿ ಅರ್ಧಸತ್ಯವಷ್ಟೇ.

ಮನೆ ಕಟ್ಟುತ್ತಲೇ ಮನೆ ಕಟ್ಟುವವನಾಗುತ್ತಾನೆ, ನ್ಯಾಯವಾಗಿ ನಡೆಯುತ್ತಲೇ ನ್ಯಾಯವಂತನಾಗುತ್ತಾನೆ ಎಂಬುದು ಅರಿಸ್ಟಾಟಲನ ವಿಚಾರ. ಅದು ದಿಟ. ಆದರೆ ಮಾಡುತ್ತಾ ಕಲಿಯುವವನು ಮೊದಮೊದಲು ತಪ್ಪಾಗಿಯೇ ಮಾಡುತ್ತಾನಲ್ಲವೇ? ಪ್ಲೇಟೋನ ‘ಲಾಕೆಸ್’ ಎಂಬ ಸಂವಾದದಲ್ಲಿ ಮಕ್ಕಳ ಶಿಕ್ಷಣದ ಚರ್ಚೆ ಬಂದಾಗ ಸಾಕ್ರಟೀಸನು ಗ್ರೀಕರ ಗಾದೆಯೊಂದನ್ನು ನೆನಪಿಸುತ್ತಾನೆ: ಕುಂಬಾರಿಕೆ ಕಲಿಯುವವನು ದೊಡ್ಡ ವಾಡೆಯಿಂದ ಆರಂಭಿಸಬಾರದು. ಕೆಟ್ಟರೆ ಪುಟ್ಟ ಕುಡಿಕೆ ಕೆಡಲಿ ಎಂಬುದು ಅದರ ತಾತ್ಪರ್ಯ. ಟ್ರೇನರ್ ಕೈಟ್ ಎಂಬುದು ಆ ಪುಟ್ಟ ಕುಡಿಕೆಯೇ.

ಅದೇ ಮಾತಿನಲ್ಲಿ ಸಾಕ್ರಟೀಸನು ಇನ್ನೊಂದು ಗಾದೆಯನ್ನೂ ಸೇರಿಸುತ್ತಾನೆ: ನಿಮ್ಮ ಪ್ರಯೋಗ ನಡೆಯುತ್ತಿರುವುದು ಕಾರಿಯಾ ನಾಡಿನವನೊಬ್ಬನ ಮೇಲಲ್ಲ, ನಿಮ್ಮ ಸ್ವಂತ ಮಕ್ಕಳ ಮೇಲೆ. ಕಾರಿಯಾದವರು ಅಂದಿನ ಗ್ರೀಕರ ಕಣ್ಣಿಗೆ ಅಗ್ಗದ ಜೀವಗಳು. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ನಮ್ಮ ಮಕ್ಕಳ ಮೇಲೆ ಬೀಳಬಾರದ ತಪ್ಪು ಕಾರಿಯಾದವನ ಮೇಲೆ ಬೀಳಬಹುದೇ? ಬೀಳಬಾರದೆಂದು ನಮ್ಮ ಅಂತಃಸಾಕ್ಷಿ ಕೂಡಲೇ ಹೇಳುತ್ತದೆ. ಆದರೂ ಪ್ರತಿಯೊಂದು ಕಾಲವೂ ತನ್ನ ಕಾರಿಯಾದವನನ್ನು ಹುಡುಕಿಕೊಳ್ಳುತ್ತದೆ. ಹೊಸ ಅಧಿಕಾರಿಯ ಅನನುಭವಕ್ಕೆ ಬಡವನ ಅರ್ಜಿ ಬಲಿಯಾಗುತ್ತದೆ. ಹೊಸ ಯಜಮಾನನ ಕೋಪಕ್ಕೆ ಮನೆಗೆಲಸದವಳು ಗುರಿಯಾಗುತ್ತಾಳೆ. ತಪ್ಪನ್ನು ಮನುಷ್ಯನ ಮೇಲೆ ಬೀಳಿಸದೆ ಮರಳಿನ ಮೇಲೆ ಬೀಳಿಸುವ ಏರ್ಪಾಡು ಕೇವಲ ಜಾಣತನವಲ್ಲ, ಅದು ನ್ಯಾಯ. ವೈದ್ಯಕೀಯ ವಿದ್ಯಾರ್ಥಿ ರೋಗಿಯ ಎದೆಯನ್ನು ಒತ್ತುವ ಮುನ್ನ ಬೊಂಬೆಯ ಎದೆಯನ್ನು ಒತ್ತಿ ಅಭ್ಯಾಸ ಮಾಡುವುದೂ ಇದಕ್ಕಾಗಿಯೇ.

ಹಾಗೆಂದು ಪುಟ್ಟ ಪಟ ಎಲ್ಲವನ್ನೂ ಕಲಿಸುತ್ತದೆ ಎಂದು ಭ್ರಮಿಸಬಾರದು. ಅದು ಚುರುಕಾಗಿ ತಿರುಗುತ್ತದೆ, ದೊಡ್ಡದು ನಿಧಾನವಾಗಿ ತಿರುಗುತ್ತದೆ. ಮರಳಿನ ಮೇಲೆ ಗೆದ್ದವನು ನೀರಿನಲ್ಲಿ ಮತ್ತೆ ಶಿಷ್ಯನೇ. ಹಲಗೆಯಿಲ್ಲದೆ ಪಟದ ಸೆಳೆತಕ್ಕೆ ಮೈಯೊಡ್ಡಿ ನೀರಿನಲ್ಲಿ ಸಾಗುವುದನ್ನು ಅವನು ಮೊದಲು ಕಲಿಯಬೇಕು, ಹಲಗೆ ಆಮೇಲೆ. ಬಿರುಗಾಳಿಯಲ್ಲಿ ಪುಟ್ಟ ಪಟವೂ ಮನುಷ್ಯನನ್ನು ಕೆಡವಬಲ್ಲದು. ಚಿಕ್ಕದೆಂದು ಹಗುರವಾಗಿ ಕಂಡವನಿಗೆ ಚಿಕ್ಕದೂ ಅಪಾಯವೇ. ಇನ್ನೊಂದೆಡೆ, ಮರಳಿನಲ್ಲಿಯೇ ಆಯುಷ್ಯ ಕಳೆದವನು ಕಡಲನ್ನು ಎಂದೂ ಅರಿಯಲಾರ. ಸಿದ್ಧತೆಯ ಹೆಸರಿನಲ್ಲಿ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವವರೂ ನಮ್ಮಲ್ಲಿದ್ದಾರೆ. ಪುಟ್ಟ ಪಟ ಇರುವುದು ದೊಡ್ಡ ಪಟಕ್ಕಾಗಿ.

ತಂದೆತಾಯಿಗಳೇ, ನಿಮ್ಮ ಮನೆಯಲ್ಲಿ ಮಕ್ಕಳಿಗೆ ಅಂಥ ಪುಟ್ಟ ಪಟಗಳಿವೆಯೇ? ಚಿಕ್ಕ ಮೊತ್ತದ ಹಣವನ್ನು ತಾನೇ ವೆಚ್ಚಮಾಡಿ ಲೆಕ್ಕ ಒಪ್ಪಿಸುವ ಅವಕಾಶ, ಅಜ್ಜಿಯನ್ನು ಒಂದು ದಿನ ತಾನೇ ನೋಡಿಕೊಳ್ಳುವ ಹೊಣೆ, ಕೊಟ್ಟ ಚಿಕ್ಕ ಮಾತನ್ನು ಉಳಿಸಿಕೊಳ್ಳುವ ಅಭ್ಯಾಸ, ಇವು ಸೋತರೂ ಯಾರ ಬದುಕೂ ಮುರಿಯದ ಕಲಿಕೆಗಳು. ಏನನ್ನೂ ಹಿಡಿಯಗೊಡದೆ ಬೆಳೆಸಿ, ಹದಿನೆಂಟು ತುಂಬಿದ ದಿನ ಮೋಟಾರ್‌ಬೈಕಿನ ಕೀಲಿಯನ್ನೂ, ಮದುವೆಯಾದ ದಿನ ಒಂದು ಜೀವದ ಸುಖದುಃಖವನ್ನೂ ಒಮ್ಮೆಲೇ ಕೈಗಿಟ್ಟರೆ, ಆ ಮೊದಲ ತಪ್ಪಿನ ಬೆಲೆ ತೆರುವವರು ಬೇರೆಯವರು. ಆಗ ಮಕ್ಕಳನ್ನು ಮಾತ್ರ ದೂರುವುದು ನ್ಯಾಯವಾಗದು. ಅವರು ಬಿದ್ದೆದ್ದು ಕಲಿಯಲು ಒಂದಿಷ್ಟು ಮರಳನ್ನು ಒದಗಿಸುವುದು ಹಿರಿಯರ ಕರ್ತವ್ಯ; ಅಲ್ಲಿ ಬೀಳಲು ನಾಚದಿರುವುದು ಕಿರಿಯರ ಕರ್ತವ್ಯ.