ಮರಳಿನ ಮೇಲೆ ಒಡೆತನ

ಬೇಸಗೆಯಲ್ಲಿ ನದಿ ಕೃಶವಾದಾಗ ಅದರ ಒಡಲಿನಿಂದ ಮರಳ ದಿಬ್ಬಗಳು ಮೇಲೇಳುತ್ತವೆ. ತಗಡೂರಿನ ಕಡೆಯಿಂದ ತಿರುಮಕೂಡಲಿಗೆ ಹೋದವರು ಕಾವೇರಿ, ಕಪಿಲೆ ಕೂಡುವೆಡೆಯಲ್ಲಿ ಇವನ್ನು ಕಂಡಿರುತ್ತಾರೆ. ಮನೆಯಿಲ್ಲ, ಮರವಿಲ್ಲ, ಸರ್ವೆ ನಂಬರಿಲ್ಲ. ಸುತ್ತ ನೀರು, ಮೇಲೆ ಆಕಾಶ. ಅಲ್ಲೊಂದು ರಾತ್ರಿ ಕಳೆಯಬೇಕೆಂಬ ಆಸೆ ಯಾರಲ್ಲಾದರೂ ಹುಟ್ಟೀತು.

ತೆಪ್ಪದಿಂದ ಇಳಿದ ಕ್ಷಣದಲ್ಲಿ ಮನಸ್ಸು ನಿರ್ಮಮ. ಚಾಪೆ ಹಾಸಿ, ಮೂರು ಕಲ್ಲು ಹೂಡಿ, ಅನ್ನಕ್ಕೆ ಎಸರಿಡುವಷ್ಟರಲ್ಲಿ ಸೂಕ್ಷ್ಮವಾದೊಂದು ವ್ಯತ್ಯಾಸ. ಇದೀಗ ಅದು ನಮ್ಮ ಜಾಗ. ಇನ್ನೊಂದು ತೆಪ್ಪ ಇತ್ತ ತಿರುಗಿತೆಂದರೆ ಹುಬ್ಬು ಗಂಟಾಗುತ್ತದೆ. ಬದುವಿನ ಕಲ್ಲು ಒಂದು ಗೇಣು ಸರಿದರೆ ಮುನಿಯುವ ನಾವು, ಬದುವೇ ಇಲ್ಲದೆಡೆಗೂ ಬದುವನ್ನು ಹೊತ್ತು ತಂದಿರುತ್ತೇವೆ. ಅಕ್ಕಿ, ಉಪ್ಪು, ಬೆಂಕಿಪೊಟ್ಟಣವನ್ನು ನೆನಪಿಟ್ಟು ಗಂಟು ಕಟ್ಟಿದ್ದೆವು; ಇದನ್ನು ಕಟ್ಟಿದ ನೆನಪು ಮಾತ್ರ ಯಾರಿಗೂ ಇಲ್ಲ.

ಮರಳಿಗೆ ಈ ವ್ಯವಹಾರ ತಿಳಿಯದು. 1989ರಲ್ಲಿ ಆರಂಭವಾದ ಕುಂಭಮೇಳ ಈ ಸಂಗಮದಲ್ಲಿ ನೆರೆದಾಗ ಗೇಣುಗೇಣಿಗೂ ಒಬ್ಬೊಬ್ಬ ಒಡೆಯ. ಆದರೆ ಮುಂಗಾರಿನಲ್ಲಿ ಕಪಿಲೆ ತುಂಬಿ, ಬೀಚನಹಳ್ಳಿಯ ಅಣೆಕಟ್ಟಿನ ಗೇಟುಗಳು ತೆರೆದವೆಂದರೆ ದಿಬ್ಬವೇ ಅದೃಶ್ಯ. ಮುಂದಿನ ಬೇಸಗೆಗೆ ಅದು ಅಲ್ಲೇ ಏಳಬೇಕೆಂಬ ನಿಯಮವೂ ಇಲ್ಲ.

ಹಾಗೆಂದು ಈ ಮಮಕಾರ ಅಲ್ಪರ ಲಕ್ಷಣವೇನಲ್ಲ. ಇಲ್ಲಿಯ ಸ್ಥಳಪುರಾಣ ಹನುಮಂತನನ್ನೂ ಅದರಿಂದ ಹೊರಗಿಟ್ಟಿಲ್ಲ. ಪ್ರತಿಷ್ಠೆಗಾಗಿ ಕಾಶಿಯಿಂದ ಲಿಂಗ ತರಲು ಅಗಸ್ತ್ಯರು ಅವನನ್ನು ಕಳಿಸಿದರಂತೆ. ಅವನು ಬರುವುದು ತಡವಾಯಿತು, ಮುಹೂರ್ತ ಮೀರುತ್ತಿತ್ತು. ಋಷಿ ಕಾಲಡಿಯ ಮರಳನ್ನೇ ಲಿಂಗವಾಗಿಸಿ ಪ್ರತಿಷ್ಠಾಪಿಸಿದರು. ಅಷ್ಟು ದೂರದಿಂದ ಹೊತ್ತು ಬಂದವನಿಗೆ ತನ್ನ ಜಾಗ ತುಂಬಿಹೋಗಿದ್ದು ಕಂಡು ಕೋಪ ಉಕ್ಕಿತು. ಅದರಲ್ಲಿ ನ್ಯಾಯವೂ ಇತ್ತೆನ್ನಬೇಕು: ಹೋಗೆಂದವರೇ ಕಾಯಲಿಲ್ಲ. ಆದರೆ ಕಾಲವೂ ಕಾಯುತ್ತಿರಲಿಲ್ಲ. ಮೊದಲು ಬಂದವನದೋ, ಶ್ರಮಪಟ್ಟವನದೋ ಹಕ್ಕೆಂದು ಕಥೆ ತೀರ್ಪು ಕೊಡುವ ಗೋಜಿಗೆ ಹೋಗುವುದಿಲ್ಲ. ಅವನು ತಂದ ಲಿಂಗವೂ ಅಲ್ಲೇ ಸಮೀಪದಲ್ಲಿ ನೆಲೆಗೊಂಡಿತು. ಒಬ್ಬ ಅಗಸ್ತ್ಯೇಶ್ವರ, ಮತ್ತೊಬ್ಬ ಹನುಮಂತೇಶ್ವರ. ಹೊಳೆಯ ದಡದಲ್ಲಿ ಜಾಗಕ್ಕೇನೂ ಕೊರತೆಯಿರಲಿಲ್ಲ.