ಹವಳದ ಎಣಿಕೆಯಲ್ಲಿ ಹಿಂಸೆಯ ಪ್ರಶ್ನೆ

ನಮ್ಮ ಆಗಮಗಳು ಪ್ರವಾಳವನ್ನು, ಎಂದರೆ ಹವಳವನ್ನು, ಪೃಥ್ವೀಕಾಯಿಕ ಜೀವಗಳ ಸಾಲಿನಲ್ಲಿ ಹೇಳಿವೆ. ಇಂದಿನ ಜೀವಶಾಸ್ತ್ರವು ಅದನ್ನು ಪ್ರಾಣಿವರ್ಗಕ್ಕೆ ಸೇರಿಸುತ್ತದೆ: ಸಾವಿರಾರು ಕಿರುಜೀವಿಗಳು ಒಂದಕ್ಕೊಂದು ಅಂಟಿಕೊಂಡು, ಸುಣ್ಣದ ಗೂಡು ಕಟ್ಟಿ ಬಾಳುವ ಸಮೂಹವದು. ವರ್ಗೀಕರಣ ಬೇರೆಯಾದರೂ ಅದು ಸಜೀವವೆಂಬಲ್ಲಿ ವಿವಾದವಿಲ್ಲ. ಹಾಗಿದ್ದಮೇಲೆ, ಹವಳದ ಪ್ರಭೇದಗಳನ್ನು ಎಣಿಸಲೆಂದು ಹವಳವನ್ನೇ ಮುರಿಯುವುದು ಯುಕ್ತವೆ?

ಆಸ್ಟ್ರೇಲಿಯದ ಈಶಾನ್ಯ ತೀರದುದ್ದಕ್ಕೂ ಸುಮಾರು 2,300 ಕಿ.ಮೀ. ಹಬ್ಬಿರುವ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸುಮಾರು 400 ಬಗೆಯ ಗಟ್ಟಿಹವಳಗಳಿವೆ. ಸಮೀಕ್ಷಕರು ನೀರಿನಡಿ ಅಳತೆಪಟ್ಟಿ ಹಾಸಿ, ಅದರಡಿ ಕಂಡ ಹವಳಗಳನ್ನು ಬರೆದುಕೊಳ್ಳುತ್ತಾರೆ. ಅಷ್ಟರಿಂದ ಯಾವ ಜೀವಕ್ಕೂ ಬಾಧೆಯಿಲ್ಲ. ಆದರೆ ಒಂದೇ ಪ್ರಭೇದವು ಅಲೆ ಬಡಿಯುವಲ್ಲಿ ಒಂದು ರೂಪವನ್ನೂ ಆಳದಲ್ಲಿ ಇನ್ನೊಂದನ್ನೂ ತಾಳುವುದುಂಟು. ಕಣ್ಣು ಸೋತಾಗ ಉಳಿಯಿಂದ ತುಂಡೊಂದನ್ನು ತೆಗೆದು, ಜೀವಾಂಶವನ್ನು ತೊಳೆದು, ಉಳಿದ ಅಸ್ಥಿಯ ಕುಳಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ.

ಇದು ಅಡಿಗೆಮನೆಯ ಆರಂಭೀ ಹಿಂಸೆಯಂಥದ್ದಲ್ಲ; ತಿಳಿದೇ ಮಾಡಿದ್ದು. ಉದ್ದೇಶವು ರಕ್ಷಣೆಯೆಂದ ಮಾತ್ರಕ್ಕೆ ದೋಷ ತೊಳೆದುಹೋಗದು. (ಉಂಗುರದಲ್ಲಿ ಧರಿಸುವ ಕೆಂಪುಹವಳವೂ ಒಂದು ಪ್ರಾಣಿಯ ಅಸ್ಥಿಯೇ. ಅಲ್ಲಿ ರಕ್ಷಣೆಯ ನೆಪವೂ ಇಲ್ಲ.)

ಆದರೆ ಅರಿಯದಿರುವುದರಿಂದಲೂ ಹಾನಿಯುಂಟು. ಆ ರೀಫ್‌ನಲ್ಲಿ ಬಹುಕಾಲ ‘ಅಕ್ರೊಪೊರಾ ಟೆನ್ಯುಯಿಸ್’ ಎನಿಸಿಕೊಂಡಿದ್ದ ಕವಲುಹವಳವು ನಿಜದಲ್ಲಿ ‘ಅಕ್ರೊಪೊರಾ ಕೆಂಟಿ’ ಎಂಬ ಬೇರೆಯೇ ಪ್ರಭೇದವೆಂದು 2023ರಲ್ಲಿ ಪ್ರಕಟವಾಯಿತು. ಕೆಂಟಿ ಎಂಬ ಹೆಸರು 1892ರಷ್ಟು ಹಳೆಯದು. ಟೆನ್ಯುಯಿಸ್‌ನ ಮೂಲ ನೆಲೆ ದೂರದ ಫಿಜಿ. ಎರಡನ್ನು ಒಂದೆಂದು ಬಗೆದಲ್ಲಿ, ಒಂದು ಅಳಿಯುತ್ತಿದ್ದರೂ ಇನ್ನೊಂದರ ಸಮೃದ್ಧಿ ಅದನ್ನು ಮರೆಮಾಚುತ್ತದೆ. 2016ರಲ್ಲಿ ಕಡಲು ಕಾದು, ರೀಫ್‌ನ ಉತ್ತರಭಾಗದಲ್ಲಿ ಹವಳಗಳು ಬಿಳಿಚಿ ರಾಶಿರಾಶಿಯಾಗಿ ಸತ್ತವು. ಅಳಿದದ್ದು ಯಾವುದು, ಉಳಿದದ್ದು ಯಾವುದು ಎಂದು ಹೇಳಲು ಹೆಸರು ಸರಿಯಿರಬೇಕು.

ಆದ್ದರಿಂದ ನಾನು ಮುರಿಯುವುದನ್ನು ಪೂರ್ತಿ ನಿಷೇಧಿಸಲಾರೆ. ಛಾಯಾಚಿತ್ರದಿಂದಲೋ, ವಸ್ತುಸಂಗ್ರಹಾಲಯದಲ್ಲಿ ಈಗಾಗಲೇ ಇರುವ ಅಸ್ಥಿಯಿಂದಲೋ ತಿಳಿಯಬಹುದಾದದ್ದಕ್ಕೆ ಉಳಿ ಎತ್ತುವುದು ಮಾತ್ರ ಸ್ಪಷ್ಟವಾಗಿ ಪ್ರಮಾದ. ಬೇರೆ ದಾರಿಯಿಲ್ಲದಲ್ಲಿ ಕವಲುಹವಳದ ಒಂದು ತುದಿಯನ್ನು ಯತ್ನಾಚಾರದಿಂದ ತೆಗೆಯುವುದನ್ನು ಒಪ್ಪಬಹುದು. ಸಮೂಹವು ಬದುಕಿ, ಗಾಯವನ್ನು ಮಾಯಿಸಿಕೊಳ್ಳಬಲ್ಲದು. ಅಣಬೆಹವಳದ ಮಾತು ಬೇರೆ. ಅದು ಸಮೂಹವಲ್ಲ, ಸಾಮಾನ್ಯವಾಗಿ ಒಂಟಿ ಜೀವಿ; ಅದನ್ನೆತ್ತಿ ಒಯ್ದರೆ ಹಿಂದೆ ಏನೂ ಉಳಿಯದು. ಆ ಒಂದರ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ.